ಮಾವನವರ ಜರ್ಮನ್ ರೈಫಲ್

ಹೋದ ಆಯುಧಪೂಜೆಯ ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಎಲ್ಲ ಕೆಟ್ಟಿತು. ಇವತ್ತು ಎದುರುಮನೆಯವರು ಹೊಸ ಸ್ಕೂಟರಿಗೆ ಕುಂಕುಮ ಹಚ್ಚುತ್ತಿದ್ದರೆ ನಾನು ಕಿಟಕಿಯಿಂದ ಹಿಂದೆ ಸರಿದು ನಿಂತೆ. ನಗಬೇಡಿ. ಬಾಣಾವರದಲ್ಲಿ ನನ್ನ ಮಾವನವರ ಮನೆಯ ಪೂಜೆ ನೋಡಿದ್ದರೆ ನೀವು ಮಂಚದ ಕೆಳಗಿರುತ್ತಿದ್ದಿರಿ.

ಮಾವನವರು ಕೊಬ್ಬರಿ ವ್ಯಾಪಾರಿ. ಅವರ ತಾತ ಯಾರೋ ದೊರೆಯಿಂದ ಕೊಂಡ ಜರ್ಮನ್ ಸೈನ್ಯದ ರೈಫಲ್ ಒಂದು, ಲೈಸೆನ್ಸ್ ಸಮೇತ, ಅವರಲ್ಲಿತ್ತು. ಅಳಿಯನಿಗೆ ಹೋಳಿಗೆಗಿಂತ ಮೊದಲು ಅದರ ಚರಿತ್ರೆ ಬಡಿಸುತ್ತಿದ್ದರು.

"ಸಾವಿರದೆಂಟುನೂರ ತೊಂಬತ್ತೆಂಟರ ಮಾಡೆಲ್ ಕಣ್ರೀ! ಬೋಲ್ಟ್ ತಳ್ಳಿ ತಿರುಗಿಸಿದ್ರೆ ಮುಂದೆ ಎರಡು ಹಲ್ಲು ಕಚ್ಕೊಳ್ತವೆ. ಅವು ಮುರಿದ್ರೂ ಇರಲಿ ಅಂತ ಹಿಂದೆ ಇನ್ನೊಂದು. ಹೊಡೆಯೋನ ಕಣ್ಣಿಗೆ ಒಂದು ಕಿಡಿ ತಾಕಲ್ಲ."

ಹೊಡೆಯುವವನ ಮೇಲೆ ಜರ್ಮನರಿಗೆ ಅಷ್ಟು ಮಮತೆ. ಎದುರಿಗೆ ನಿಂತವರ ಬಗ್ಗೆ ಅವರು ಯೋಚಿಸಿದಂತಿಲ್ಲ, ಮಾವನವರೂ ಅಷ್ಟೆ.

ಆ ಮನೆಯಲ್ಲಿ ಪೂಜೆಯ ದಿನ ಸೇರು ಬರಿದಾಗಿರಬಾರದು, ತಕ್ಕಡಿ ಬರಿದಾಗಿರಬಾರದು. ಇನ್ನು ಬಂದೂಕು ಬರಿದಾಗಿದ್ದರೆ ಲಕ್ಷ್ಮಿ ಮುನಿಯುವುದಿಲ್ಲವೇ? ಲಕ್ಷಣವಾಗಿ ಒಂದು ತೋಟಾ ತುಂಬಿ, ಮೇಜಿನ ಮೇಲೆ ಬಾಗಿಲಿಗೆ ಮುಖಮಾಡಿ ಮಲಗಿಸಿದ್ದರು. ಬೋಲ್ಟಿನ ಹಿಂತುದಿಯಲ್ಲಿ ಸೇಫ್ಟಿಯ ಪುಟ್ಟ ರೆಕ್ಕೆ. ಬಲಕ್ಕಿದ್ದರೆ ಕ್ಷೇಮ, ಎಡಕ್ಕಿದ್ದರೆ ಗುಂಡು. ವಿಭೂತಿ ಬಳಿಯಲು ಅಡ್ಡವಾಯಿತೆಂದು ಮಾವನವರು ಅದನ್ನು ಎಡಕ್ಕೆ ಸರಿಸಿದರು.

"ಮಾವ, ಅದು..." ಎಂದೆ.

"ಅಳಿಯಂದಿರು ಕಾಲೇಜಲ್ಲಿ ಪಾಠ ಮಾಡಿ. ಇದು ನಮಗೆ ಬಿಡಿ."

ಚೆಂಡುಹೂವಿನ ಹಾರ ಸುತ್ತಿ, ಬಿಗಿಯಾಗಲೆಂದು ಜಗ್ಗಿದರು. ದಾರ ಟ್ರಿಗರಿಗೆ ಸಿಕ್ಕಿತ್ತು.

ಅಂಗಳದಲ್ಲಿ ನನ್ನ ಹೆಂಡತಿ ಸುಮಾ ಸ್ಕೂಟರಿನ ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ಆಗಷ್ಟೇ ಬಗ್ಗಿದ್ದಳು. ಗುಂಡು ಅವಳ ತಲೆಯ ಮೇಲೆ ಹಾದು, ಸ್ಕೂಟರಿನ ಕನ್ನಡಿ ಪುಡಿಮಾಡಿ, ಕಾಂಪೌಂಡು ಗೋಡೆ ಸೇರಿತು.

ನನ್ನ ಕಿವಿ ತೆರೆದಾಗ ಮೊದಲು ಕೇಳಿಸಿದ್ದು ಮಾವನವರ ಉದ್ಗಾರ: "ನೋಡಿದ್ರಾ, ಇಷ್ಟು ಹಳೇದಾದ್ರೂ ಮೋಸ ಇಲ್ಲ!"

"ಥೂ ನಿಮ್ಮ! ಮಗಳು ಸತ್ತಿದ್ರೂ ಹಿಂಗೇ ಹೇಳ್ತಿದ್ರಾ?" ಎಂದು ಅತ್ತೆ ಚೀರಿದರು.

ಅರಸೀಕೆರೆಯ ನಮ್ಮ ಮನೆಗೆ ಮರಳಿದ ಮೇಲೆ, ಯಾರಾದರೂ ಚಿಲಕ ಎಳೆದರೂ ಸುಮಾಳ ತಲೆ ಎಲ್ಲಿದೆಯೆಂದು ಹುಡುಕುತ್ತಿದ್ದೆ. ಕಣ್ಣು ಮುಚ್ಚಿದರೆ ಅವಳು ಮತ್ತೆ ಬಗ್ಗುತ್ತಿದ್ದಳು. ಕೆಲವು ಸಲ ಬಗ್ಗುತ್ತಿರಲಿಲ್ಲ. "ಬದುಕಿದೀನಲ್ಲ, ಮಲ್ಕೊಳ್ರೀ," ಎನ್ನುವಳು. ನಿದ್ದೆ ಅವಳಿಗೂ ಇರಲಿಲ್ಲ.

ಅಷ್ಟರಲ್ಲಿ ಮಾವನವರು ಮುಂದಿನ ಹಬ್ಬಕ್ಕೆ ಆಗಲೇ ಫೋನಿನಲ್ಲಿ ಕರೆದರು. ಹೊಸ ತೋಟಾ ಸಿಕ್ಕಿತ್ತಂತೆ. ಸುಮಾ ಫೋನು ಕಿತ್ತುಕೊಂಡಳು.

"ಅಪ್ಪಾ, ಆ ಬಂದೂಕು ಇರೋ ಮನೆಗೆ ನಾನು ಕಾಲಿಡಲ್ಲ. ಯಾವುದು ಬೇಕೋ ನೀನೇ ನೋಡ್ಕೊ."

ಮಗಳೋ ಬಂದೂಕೋ ಎಂದು ತೀರ್ಮಾನಿಸಲು ಮಾವನವರಿಗೆ ಬರೀ ಒಂದು ವಾರ ಸಾಕಾಯಿತು. ಸೋಮವಾರ ಅದನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿ, ನೇರ ನಮ್ಮಲ್ಲಿಗೆ ಬಂದರು. ಚರಿತ್ರೆ ಹೇಳಲಿಲ್ಲ. ಮಗಳ ತಲೆಯ ಮೇಲಿಟ್ಟ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ.

ಮಂಗಳವಾರ ನಾವಿಬ್ಬರೂ ಏಳುವ ಹೊತ್ತಿಗೆ ಹಾಲಿನವನು ಬಾಗಿಲು ಬಡಿದು, ಬೈದು, ಹೋಗಿಯೂ ಆಗಿತ್ತು.