ಬೂದಿಗುಂಡಿಗೆ ಬೀಳದ ಹಸ್ತ

ಮೊಹರಂನ ಅಲಾಯಿ ದೇವರ ಹಸ್ತಕ್ಕೆ ‘ಶಾಪದ ಕೈ’ ಎಂದು ಹೆಸರಿಟ್ಟು ಮಾರುತ್ತಿರುವ ಕಾರ್ಡ್ ಆಟದ ತಯಾರಕರು ನಮ್ಮ ಜನರನ್ನು ಅವಮಾನಿಸಿದ್ದಾರೆ.

ಗಂಗಾವತಿಯಲ್ಲಿ ನಡೆದ ಆ ಆಟದ ಸ್ಪರ್ಧೆಯ ಕೊನೆಯ ಸುತ್ತಿನಲ್ಲಿ, ಕುಷ್ಟಗಿಯ ನನ್ನ ಗೆಳೆಯ ಹುಸೇನಪ್ಪನ ಕೈಗೆ ಅದೇ ಕಾರ್ಡ್ ಬಂತು. ಹಸಿರು ಬಟ್ಟೆ, ಹೂವಿನ ಸರ, ಬೆಳ್ಳಿಯ ಐದು ಬೆರಳು. ಮೊಹರಂನಲ್ಲಿ ನಮ್ಮೂರಿನವರೆಲ್ಲ ಸೇರಿ ಕೂಡಿಸುವ ದೇವರೇ. ಅದನ್ನು ನೆಲದ ಮೇಲಿದ್ದ ‘ಬೂದಿಗುಂಡಿ’ ಎಂಬ ಬುಟ್ಟಿಗೆ ಎಸೆದರೆ ಅವನಿಗೆ ಗೆಲುವು, ರಾಜ್ಯಮಟ್ಟದ ಸ್ಪರ್ಧೆಗೆ ಪ್ರವೇಶ.

“ಒಗೀರಿ, ಗೆದ್ದ್ರಿ ನೀವು!” ಎಂದರು ತೀರ್ಪುಗಾರರು.

“ನಮ್ಮ ಮನ್ಯಾಗ ಎಲ್ಲಾರೂ ಬಸಪ್ಪ, ಈರಪ್ಪ. ನಾ ಒಬ್ಬನ ಹುಸೇನಪ್ಪ ಯಾಕಂತೀರಿ? ಈ ದೇವರಿಗೆ ಹರಕಿ ಹೊತ್ತು ನಮ್ಮವ್ವ ನನ್ನ ಹಡದಾಳ್ರಿ. ಬುಟ್ಟಿಗೆ ಬೇಕಾದ್ರ ನನ್ನ ಒಗೀರಿ!”

ಸುತ್ತಲಿದ್ದವರು ನಕ್ಕರು. ಅವನು ಕಾರ್ಡನ್ನು ಕಣ್ಣಿಗೊತ್ತಿಕೊಂಡು ಅಂಗಿಯ ಜೇಬಿಗಿಟ್ಟ. ನಿಯಮದಂತೆ ಅವನು ಸೋತನೆಂದು ಘೋಷಿಸಿದರು.

ಆಟದ ಪೆಟ್ಟಿಗೆಯ ಮೇಲೆ ‘ದಖ್ಖನಿನ ನಿಜ ಸಂಪ್ರದಾಯಗಳಿಂದ ಪ್ರೇರಿತ’ ಎಂದು ಮುದ್ರಿಸಲಾಗಿದೆ. ನಮ್ಮ ನಾಡಿನಿಂದ ಕಲ್ಪನಾಲೋಕ ಕಟ್ಟುವುದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಈ ದೇವರನ್ನು ಹೊರುವವರಲ್ಲಿ ಒಬ್ಬರನ್ನಾದರೂ ಕೇಳಿದ್ದೀರಾ? ತಯಾರಕರು ಇದಕ್ಕೆ ಇದೇ ಪತ್ರಿಕೆಯಲ್ಲಿ ಉತ್ತರಿಸಬೇಕು, ಮುಂದಿನ ಮುದ್ರಣದಲ್ಲಿ ಕಾರ್ಡಿನ ಹೆಸರನ್ನೂ ನಿಯಮವನ್ನೂ ಬದಲಿಸಬೇಕು ಎಂದು ಆಗ್ರಹಿಸುತ್ತೇನೆ. ಸಂಘಟಕರಲ್ಲಿ ಇನ್ನೊಂದು ವಿನಂತಿ: ಆ ಕಾರ್ಡನ್ನು ಮರಳಿ ಕೇಳಬೇಡಿ. ಹುಸೇನಪ್ಪನ ತಾಯಿ ಅದನ್ನು ದೇವರ ಜಗಲಿಯ ಮೇಲಿಟ್ಟು ಲೋಬಾನದ ಧೂಪ ಹಾಕಿದ್ದಾರೆ.