ನನ್ನ ಗೇಟು ದಾಟಿ ಹೋದ ಇನ್‌ಕ್ಲೂಷನ್

ಹೋದ ಗುರುವಾರ ಮಧ್ಯಾಹ್ನ ಮುಖ ತೊಳೆದು, ಇಸ್ತ್ರಿ ಮಾಡಿದ ಸೀರೆ ಉಟ್ಟು, ಮುಂಬಾಗಿಲು ತೆರೆದಿಟ್ಟು ಕೂತಿದ್ದೆ. ಎಲ್ಲಿಗೂ ಹೊರಟಿರಲಿಲ್ಲ. ಕರೆಯಲು ಬರುತ್ತಾರೆ ಅಂತ ಕಾಯುತ್ತಿದ್ದೆ. (ಎಪ್ಪತ್ತೆರಡು ವರ್ಷದವಳು ಹೀಗೆ ಕಾಯುವುದು ಮರ್ಯಾದೆಯಲ್ಲ, ಗೊತ್ತು.)

ಆದದ್ದಿಷ್ಟು. ಎದುರು ಮನೆ ಶ್ವೇತಾ ನಮ್ಮ ಕ್ರಾಸಿನ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಹಾಕಿದ್ದಳು. ಈ ಸಲ ಅವಳ ಮನೆಯ ವರಮಹಾಲಕ್ಷ್ಮಿ ಹಬ್ಬದ ಅರಿಶಿನ ಕುಂಕುಮ ‘ಇನ್‌ಕ್ಲೂಸಿವ್’ ಆಗಿ ನಡೆಯುತ್ತದಂತೆ. ಗಂಡ ತೀರಿಕೊಂಡವರನ್ನೂ ಕರೆಯುತ್ತಾಳಂತೆ. ಮೆಸೇಜಿನ ಕೆಳಗೆ ಕ್ರಾಸಿಗೆ ಕ್ರಾಸೇ ಚಪ್ಪಾಳೆ ಹೊಡೆದಿತ್ತು.

ಹಾಗಂದರೇನೇ ಅಂತ ಮೊಮ್ಮಗಳು ಸಿಂಚನಾಳನ್ನು ಕೇಳಿದೆ.

“ಎಲ್ರನ್ನೂ ಸೇರಿಸ್ಕೊಳ್ಳೋದು ಅಜ್ಜಿ. ನಮ್ ಆಫೀಸಲ್ಲಿ ಅದಕ್ಕೇ ಅಂತ ಒಂದು ದಿನ ಇದೆ,” ಅಂದಳು. ಅವತ್ತು ಕೇಕ್ ಕತ್ತರಿಸಿ, ಹೌಸ್‌ಕೀಪಿಂಗ್ ಹೆಂಗಸರನ್ನೂ ನಿಲ್ಲಿಸಿಕೊಂಡು ಫೋಟೋ ತೆಗೆದರಂತೆ.

“ಕೇಕ್ ಕೊಟ್ರಾ ಅವರಿಗೆ?”

“ಅಷ್ಟೊತ್ತಿಗೆ ಮುಗ್ದೋಗಿತ್ತು.”

ನನಗೆ ಗೊತ್ತಿದ್ದದ್ದು ವೋಟರ್ ಲಿಸ್ಟಿನ ಇನ್‌ಕ್ಲೂಷನ್ ಒಂದೇ. ಅದಕ್ಕೊಂದು ಫಾರಂ, ಒಂದು ಫೋಟೋ, ನಾಲ್ಕು ಸಲ ಅಲೆದಾಟ. ಆದರೂ ಅದೇ ವಾಸಿ. ಹೆಸರು ಬರದಿದ್ದರೆ ಕೌಂಟರಿನಲ್ಲಿ ಕೂತವನನ್ನು ಬೈದು ಬರಬಹುದು. ಹಬ್ಬಕ್ಕೆ ಕರೆಯದಿದ್ದರೆ ಯಾರನ್ನು ಬೈಯುವುದು?

ನಮ್ಮ ಯಜಮಾನರು ಹೋಗಿ ಆರು ವರ್ಷ. ಅಂದಿನಿಂದ ಕುಂಕುಮದ ಭರಣಿ ಹಿಡಿದವರು ಯಾರೂ ನಮ್ಮ ಗೇಟು ತೆರೆದಿಲ್ಲ. ಅದಕ್ಕಾಗಿ ನಾನು ಅತ್ತವಳೂ ಅಲ್ಲ. ಆದರೆ ಕರೆಯುತ್ತೇವೆ ಅಂತ ಊರಿಗೆಲ್ಲ ಸಾರಿದ ಮೇಲೆ ಆಸೆ ಆಗುತ್ತದೋ ಇಲ್ಲವೋ?

ಶ್ವೇತಾ ಬಂದಳು. ರೇಷ್ಮೆ ಸೀರೆ, ಕೈಯಲ್ಲಿ ಬೆಳ್ಳಿ ಭರಣಿ. ನನ್ನ ಗೇಟು ದಾಟಿ ಸೀದಾ ಪಕ್ಕದ ಲಲಿತಮ್ಮನ ಮನೆಗೆ ಹೋದಳು. ನಡುವಿನ ಕಾಂಪೌಂಡ್ ಗೋಡೆ ಎದೆಮಟ್ಟ ಅಷ್ಟೇ. ಎಲ್ಲಾ ಕೇಳಿಸಿತು.

“ಆಂಟಿ, ನಾಳೆ ಸಾಯಂಕಾಲ ನೀವು ಬರ್ಲೇಬೇಕು. ನೀವು ಬಂದ್ರೇನೇ ನಮ್ ಹಬ್ಬಕ್ಕೊಂದು ಅರ್ಥ.”

ತಿರುಗಿ ಬರುವಾಗ ನನ್ನನ್ನು ಕಂಡಳು. “ಅಜ್ಜಿ, ಊಟ ಆಯ್ತಾ?” ಅಂದಳು. ಹೋದಳು.

ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ? ಲಲಿತಮ್ಮ ಇನ್ಶೂರೆನ್ಸ್ ಆಫೀಸಿನಲ್ಲಿದ್ದು ರಿಟೈರ್ ಆದವರು. ಕೂದಲಿಗೆ ಬಣ್ಣ, ಕನ್ನಡಕಕ್ಕೆ ಸರ, ಬಾಯಿ ತೆರೆದರೆ ಇಂಗ್ಲಿಷು. ನಾನು ನಾಲ್ಕನೇ ಕ್ಲಾಸು. ಫೋಟೋಕ್ಕೆ ಯಾರು ಚೆನ್ನ ಅಂತ ನನಗೂ ಗೊತ್ತಾಗುತ್ತದೆ. ಆದರೂ ಅವರ ಗಂಡನೂ ಇಲ್ಲ, ನನ್ನ ಗಂಡನೂ ಇಲ್ಲ. ನನ್ನವರು ಸತ್ತದ್ದರಲ್ಲಿ ಕಡಿಮೆ ಏನಾಯಿತು?

ಶುಕ್ರವಾರ ಬೆಳಿಗ್ಗೆ ಹಾಲಿನ ಬೂತಿನ ಮುಂದೆ ಶ್ವೇತಾ ಸಿಕ್ಕಳು. ಕೇಳಿಯೇಬಿಟ್ಟೆ. ಅವಳ ಮುಖ ಸಣ್ಣಗಾಯಿತು.

“ಅಯ್ಯೋ ಅಜ್ಜಿ, ನಿಮ್ಗೆ ಇದೆಲ್ಲ ಹಿಡಿಸಲ್ಲ ಅಂದ್ಕೊಂಡೆ. ನಾನು ಮದ್ವೆಯಾಗಿ ಬಂದ ವರ್ಷ ಯಾರ್ಯಾರ ಮನೆಗೆ ಕರೆಯೋಕೆ ಹೋಗ್ಬೇಕು ಅಂತ ತೋರಿಸ್ಕೊಟ್ಟಿದ್ದೇ ನೀವು. ಲಲಿತಾ ಆಂಟಿ ಮನೆ ಬಿಟ್ಬಿಡು ಅಂದಿದ್ರಿ.”

ಅಂದಿದ್ದೆ. ಭರಣಿ ಹಿಡಿದು ಅವಳ ಜೊತೆ ಕ್ರಾಸ್ ಪೂರ್ತಿ ನಡೆದಿದ್ದೆ. ಹುಡುಗಿ ಜಾಣೆ, ಒಂದೇ ಸಲಕ್ಕೆ ಕಲಿತಿದ್ದಳು. ಮೂರು ವರ್ಷದ ಮೇಲೆ ನಮ್ಮ ಯಜಮಾನರು ಹೋದಾಗ, ಯಾರೂ ಹೇಳದೆಯೇ ಇನ್ನೊಂದು ಮನೆ ಬಿಟ್ಟಳು.

“ಈಗ ಕರೀತಿದೀನಲ್ಲ, ಬನ್ನಿ ಅಜ್ಜಿ,” ಅಂದಳು ಶ್ವೇತಾ. ಕೈಯಲ್ಲಿ ಎರಡು ಹಾಲಿನ ಪ್ಯಾಕೆಟ್ಟು. ನೋಡೋಣಮ್ಮ ಅಂದು ಮನೆಗೆ ಬಂದೆ.

ಸಾಯಂಕಾಲ ಗೋಡೆಯಾಚೆಯಿಂದ ಲಲಿತಮ್ಮ ಕೂಗಿದರು. “ಜಯಮ್ಮಾ, ಬನ್ರೀ, ಜೊತೇಲೇ ಹೋಗೋಣ.”

“ಹಾಲಿನ್ ಬೂತ್ ಮುಂದೆ ಕರೆದ್ಲು ಕಣ್ರೀ. ಅದೂ ಒಂದು ಕರೆಯೋದಾ?”

“ನೀವು ನನ್ನ ಅಲ್ಲೂ ಕರೀಲಿಲ್ಲ.” ಅವರು ಸೆರಗಿಗೆ ಪಿನ್ ಹಾಕಿಕೊಳ್ಳುತ್ತಾ ಹೇಳಿದರು. “ಇಪ್ಪತ್ತೆಂಟು ವರ್ಷ ನಿಮ್ಮನೆ ಹಬ್ಬದ ದಿನ ಟಿವಿ ಸೌಂಡ್ ಜಾಸ್ತಿ ಇಟ್ಕೊಂಡು ಕೂತಿದ್ದೆ. ನಿಮ್ಗೆ ಒಂದ್ ಸಾಯಂಕಾಲ ತಾನೇ? ಕೂತ್ಕೊಳ್ಳಿ.”

ಹೇಳಿ ಹೊರಟರು. ನಾನು ಕೂತೆ.

ತಪ್ಪಾಯಿತು ಅಂತ ಇಲ್ಲಿ ಕಣ್ಣೀರು ಹಾಕಲಾರೆ. ಆಗ ಕಗ್ಗದಾಸಪುರದ ನಮ್ಮ ಕ್ರಾಸಿನಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಆದರೆ ಕರೆಯಬೇಡ ಅಂತ ಯಾರೂ ನನ್ನ ಕೈ ಹಿಡಿದಿರಲಿಲ್ಲ, ಅದೂ ನಿಜ. ಹೊರಗಿಡುವುದಕ್ಕೆ ನಮಗೆ ಯಾವ ಪದವೂ ಬೇಕಾಗಿರಲಿಲ್ಲ ನೋಡಿ. ಒಂದು ಗೇಟು ಬಿಟ್ಟು ಮುಂದಿನ ಗೇಟಿಗೆ ನಡೆದರೆ ಆಯಿತು. ಒಳಗೆ ಕರೆಯುವುದಕ್ಕೆ ಮಾತ್ರ ಇಂಗ್ಲಿಷ್ ಪದ ಬೇಕು, ಮೆಸೇಜು ಬೇಕು, ಕಮರ್ಷಿಯಲ್ ಸ್ಟ್ರೀಟಿನಿಂದ ತಂದ ಒಂದೇ ಬಣ್ಣದ ತಾಂಬೂಲದ ಚೀಲಗಳು ಬೇಕು.

ಎಂಟು ಗಂಟೆಯ ಒಳಗೆ ಲಲಿತಮ್ಮ ಬಂದರು. ತಮ್ಮ ಮನೆಗೆ ಹೋಗದೆ ನಮ್ಮ ಗೇಟು ತೆರೆದು ಬಂದು ಎದುರಿಗೆ ಕೂತರು. ತೋರಿಸಿಕೊಳ್ಳುವುದಕ್ಕೇ ಬಂದಿದ್ದರು, ಅನುಮಾನ ಬೇಡ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

“ಹೂವ ಕೈಗೆ ಕೊಟ್ರಾ, ಮುಡಿಸಿದ್ರಾ?” ಕೇಳಬಾರದು ಅಂದುಕೊಂಡಿದ್ದನ್ನೇ ಮೊದಲು ಕೇಳಿದೆ.

“ಮುಡಿಸಿದ್ರು.” ತಿರುಗಿ ತೋರಿಸಿದರು. ಎರಡು ಮೊಳ ಮಲ್ಲಿಗೆ. “ಬರೋ ವರ್ಷ ನಮ್ಮನೇಲೇ ಅರಿಶಿನ ಕುಂಕುಮ ಇಟ್ಕೊತೀನಿ ಅಂತ ಅಲ್ಲೇ ಹೇಳ್ಬಂದೆ.”

“ನನ್ನ ಕರೀತೀರಾ?”

ಲಲಿತಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. “ಯೋಚ್ನೆ ಮಾಡ್ತೀನಿ,” ಅಂದರು. ನಗಲಿಲ್ಲ.

ಅಲ್ಲಿಯವರೆಗೆ ಒಂದು ವರ್ಷ ಪೂರ್ತಿ ಆ ಹೆಂಗಸಿನ ಜೊತೆ ಜಗಳ ಆಡದೆ ಇರಬೇಕು; ನನ್ನ ಕೈಲಿ ಆಗುತ್ತಾ, ನೀವೇ ಹೇಳಿ?