ದೋಣಿ ಇದ್ದ ಐದನೇ ಭಾಗ

ಆ ಕಾಲದಲ್ಲಿ ಮಳೆ ಬಿದ್ದ ಮರುದಿನ ನಮ್ಮ ಮನೆಯಲ್ಲಿ ಬೆಳಗಿನ ಕಾಫಿಗಿಂತ ಮೊದಲು ಮಳೆಯ ಲೆಕ್ಕ ಆಗಬೇಕಿತ್ತು. ಅಪ್ಪ ಮೂಡಿಗೆರೆ ಹತ್ತಿರದ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್. ಎಷ್ಟು ಇಂಚು, ಇಂಚಿನ ನೂರರಲ್ಲೊಂದು ಪಾಲಾದ ಸೆಂಟ್ ಎಷ್ಟು ಎಂದು ಅಳೆದು ಮಳೆ ಪುಸ್ತಕದಲ್ಲಿ ಬರೆಯುವುದು ಅವರ ಕೆಲಸ. ಪಕ್ಕದಲ್ಲಿ ನಾನೂ ಡೈರಿ ಹಿಡಿದು ನಿಲ್ಲುತ್ತಿದ್ದೆ. “ಹಿಂದಿನ ಪುಟದ ಮೊತ್ತ ಮೇಲೆ ಬರ್ಕೊಳ್ದೆ ಹೊಸ ಪುಟ ಶುರು ಮಾಡ್ಬಾರ್ದು ಪುಟ್ಟಿ,” ಎನ್ನುತ್ತಿದ್ದರು. ಆ ಮಾತನ್ನು ನಾನು ಮಳೆಗಷ್ಟೇ ಬಿಡಲಿಲ್ಲ.

ಏಳನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ಚಿಕ್ಕಮಗಳೂರಿನ ಮಾವ ತಾವು ಆಡಿ ಬಿಟ್ಟ ವಿಡಿಯೋ ಗೇಮನ್ನೂ ಒಂದೇ ಸರಣಿಯ ಐದು ಸಿಡಿಗಳನ್ನೂ ತಂದುಕೊಟ್ಟರು. ಆಡಲು ಜೊತೆಗೆ ರೂಪಾ. ತೋಟದ ಆಳುಗಳ ಮೇಸ್ತ್ರಿ ಮಂಜಣ್ಣನ ಮಗಳು, ನನ್ನದೇ ಕ್ಲಾಸು. ಐದನೇ ಸಿಡಿಯ ಡಬ್ಬಿಯ ಮೇಲೆ ಆಟದ ನಾಯಕಿ ಬಿಳಿ ಹಾಯಿಯ ದೋಣಿಯಲ್ಲಿ ನಿಂತಿದ್ದಳು. ರೂಪಾ ಸಮುದ್ರ ನೋಡಿದವಳಲ್ಲ.

“ಇದನ್ನೇ ಹಾಕೇ. ನಾನು ದೋಣಿ ಬಿಡ್ಬೇಕು.”

“ಅದು ಕೊನೇದು. ಮೊದಲಿಂದ ಆಡ್ದಿದ್ರೆ ಎಂತ ಗೊತ್ತಾಗ್ತದೆ?”

“ದೋಣಿ ಬಿಡೋಕೆ ಎಂತ ಗೊತ್ತಾಗ್ಬೇಕು ಮಾರಾಯ್ತಿ?”

ಗೇಮು ನಮ್ಮ ಮನೆಯದು. ನನ್ನ ಮಾತೇ ನಡೆಯಿತು.

ಮೂರು ಭಾಗ ಸರಿಯಾಗಿ ಹೋದವು. ಮೂರರ ಕೊನೆಗೆ ನಾಯಕಿಯ ಅಜ್ಜ ಸತ್ತ. ಇಬ್ಬರೂ ಅತ್ತೆವು. ನಾಲ್ಕನೆಯದು ಹಾಕಿದರೆ ಅದೇ ಅಜ್ಜ ಒಲೆಯ ಮುಂದೆ ಕೂತು ರೊಟ್ಟಿ ಸುಡುತ್ತಿದ್ದಾನೆ! ರೂಪಾ ಚಪ್ಪಾಳೆ ತಟ್ಟಿದಳು.

“ಸತ್ತೋನು ಹೆಂಗೆ ಬಂದ?” ಎಂದೆ ನಾನು.

“ಬಂದ್ನಲ್ಲ, ಸಾಕು. ಇದು ಬೇರೆ ಕತೆ ಕಣೇ.”

“ಅಜ್ಜ ಅದೇ ಅಲ್ದಾ? ಹಂಗಾದ್ರೆ ಇದು ಮೂರಕ್ಕಿಂತ ಮುಂಚೆ ನಡೆದದ್ದು.”

ಯಾವುದಾದ ಮೇಲೆ ಯಾವುದು ಎಂದು ಡೈರಿಯ ನಾಲ್ಕು ಪುಟಗಳಲ್ಲಿ ಗೆರೆ ಎಳೆದೆ. ಗೆರೆ ಕೂಡಲಿಲ್ಲ. ಎಲ್ಲೋ ಸುಳಿವು ತಪ್ಪಿಸಿಕೊಂಡಿದ್ದೇವೆಂದು ಮತ್ತೆ ಒಂದರಿಂದ ಶುರು ಮಾಡಿಸಿದೆ. ರೂಪಾ ಹಲಸಿನ ಹಪ್ಪಳ ಮುರಿಯುತ್ತ, “ನಿಂದು ಗೇಮಾ, ಪರೀಕ್ಷೆಯಾ?” ಎಂದಳು. ಆದರೂ ದಿನವೂ ಬಂದಳು.

ಕಾಫಿ ಹೂ ಅರಳಿಸುವ ಹೂಮಳೆ ಆ ವರ್ಷ ತಡವಾಗಿ ಕೊನೆಗೂ ಬಿತ್ತು. ತೋಟಕ್ಕೆಲ್ಲ ಖುಷಿ. ನಮಗೆ ಮಾತ್ರ ಮೂರು ದಿನ ಕರೆಂಟಿಲ್ಲ. ವಾರ ಕಳೆಯುವಷ್ಟರಲ್ಲಿ ಕಾಫಿ ಗಿಡಗಳು ಬೆಳ್ಳಗಾಗಿ, ಮಲ್ಲಿಗೆಯಂಥ ಪರಿಮಳ ಟಿವಿ ಇದ್ದ ಕೋಣೆಯವರೆಗೂ ಬಂತು. ಆಗಲೇ ಮಂಜಣ್ಣನಿಗೆ ಕಳಸದ ಕಡೆಯ ತೋಟದಲ್ಲಿ ಕೆಲಸ ಸಿಕ್ಕಿದ್ದು.

ಹೊರಡುವ ಬೆಳಿಗ್ಗೆ, ಜೀಪಿಗೆ ಪಾತ್ರೆ ಏರಿಸುತ್ತಿರುವಾಗ, ರೂಪಾ ನಮ್ಮ ಮನೆಗೆ ಓಡಿ ಬಂದಳು.

“ಈಗಾದ್ರೂ ಐದನೇದು ಹಾಕೇ. ಹತ್ತೇ ನಿಮಿಷ.”

ನಾವು ಎರಡನೇ ಸಲ ಮೂರನೇ ಭಾಗದಲ್ಲಿದ್ದೆವು. “ಇನ್ನು ಸ್ವಲ್ಪಾನೇ ಉಳಿದಿರೋದು. ದಸರಾ ರಜೆಗೆ ಬಾ, ಸರಿಯಾಗಿ ಆಡಣ,” ಎಂದೆ.

ಅವಳು ಡಬ್ಬಿಯ ಮೇಲಿನ ದೋಣಿಯನ್ನು ಒಮ್ಮೆ ನೋಡಿ ಕೆಳಗಿಟ್ಟಳು. “ನಿನ್ನ ಲೆಕ್ಕ ಮುಗಿಯೋದಲ್ಲ ಮಾರಾಯ್ತಿ,” ಎಂದು ನಗುತ್ತಲೇ ಹೇಳಿ ಹೋದಳು.

ದಸರೆಗೆ ಬರಲಿಲ್ಲ. ಆಮೇಲೂ ಬರಲಿಲ್ಲ.

ಕಾದು ಕಾದು ಒಂದು ದಿನ ಐದನೆಯದನ್ನು ಒಬ್ಬಳೇ ಹಾಕಿದೆ. ನಾಲ್ಕನೇ ನಿಮಿಷಕ್ಕೆ ದೋಣಿ ಬಂತು. ಹಿಂದಿನ ಕತೆಯ ಒಂದು ಹೆಸರೂ ಅಲ್ಲಿರಲಿಲ್ಲ, ಅಜ್ಜನೂ ಇರಲಿಲ್ಲ. ಹಾಯಿ ಬಿಚ್ಚಿ ಹೋಗುವುದಷ್ಟೆ.

ಇಂಥ ಸರಣಿಗಳ ಕತೆ ಒಂದಕ್ಕೊಂದು ಕೂಡಲೇಬೇಕೇ ಎಂದು ಜನ ವಾದಿಸುವುದನ್ನು ಈಗಲೂ ಓದುತ್ತೇನೆ. ಕೂಡಿದರೆ ನನಗೆ ಖುಷಿ, ಸುಳ್ಳು ಹೇಳಲಾರೆ. ಆದರೆ ಆ ಬೇಸಿಗೆಯ ಡೈರಿಯ ಕೊನೆಯ ಪುಟದಲ್ಲಿರುವುದು ಇಷ್ಟು: ಆಡಿದ ದಿನ ಇಪ್ಪತ್ತಾರು. ಕರೆಂಟು ಹೋದದ್ದು ಹದಿನಾಲ್ಕು ಸಲ. ರೂಪಾ ‘ಐದನೇದು ಹಾಕೇ’ ಎಂದದ್ದು ಒಂಬತ್ತು ಸಲ.

ಅದನ್ನೂ ಗೀಟು ಹಾಕಿ ಎಣಿಸಿದ್ದೆ.